ಮೂರನೆಯ ಬೇಡ

ನಾನು ಜನ್ಮದಲ್ಲಿ ಯಾವುದಕ್ಕೂ ಮೊದಲ ಸಲಕ್ಕೇ ‘ಹೂಂ’ ಅಂದವನಲ್ಲ. ಹಸಿದು ಹೊಟ್ಟೆ ತಾಳ ಹಾಕುತ್ತಿದ್ದರೂ ಇನ್ನೊಬ್ಬರ ಮನೆಯಲ್ಲಿ ‘ಅಯ್ಯೋ ಬೇಡಿ, ಈಗ ತಾನೇ ಆಯ್ತು’ ಎಂದೇ ಶುರು ಮಾಡುತ್ತೇನೆ. ಅವರು ‘ಒಂಚೂರು ಕಣ್ರೀ’ ಎನ್ನಬೇಕು, ನಾನು ಇನ್ನೊಮ್ಮೆ ಬೇಡವೆನ್ನಬೇಕು, ಅವರು ಗದರಬೇಕು, ಮೂರನೆಯ ಬೇಡ ಬಾಯಲ್ಲಿರುವಾಗಲೇ ಕೈ ತಟ್ಟೆಗೆ ಹೋಗಬೇಕು. ನಮ್ಮ ಮೈಸೂರಿನಲ್ಲಿ ಇದಕ್ಕೆ ಮರ್ಯಾದೆ ಎನ್ನುತ್ತಾರೆ. ಅಮ್ಮ ತೊಡೆ ಚಿವುಟಿ ಚಿವುಟಿ ಕಲಿಸಿದ ವಿದ್ಯೆ ಇದು. ಒಮ್ಮೆ ಇಲವಾಲದ ಮದುವೆಯೊಂದರಲ್ಲಿ ಬಡಿಸುವವನಿಗೆ ಏನು ಅವಸರವಿತ್ತೋ, ನನ್ನ ಮೊದಲ ಬೇಡವನ್ನೇ ನಂಬಿ ಹೋಳಿಗೆ ಬುಟ್ಟಿ ಹೊತ್ತು ಮುಂದೆ ಹೋಗಿಬಿಟ್ಟ. ಆ ಹೋಳಿಗೆ ಈಗಲೂ ಮಧ್ಯಾಹ್ನದ ಜೊಂಪಿನಲ್ಲಿ ತುಪ್ಪ ಸುರಿಸಿಕೊಂಡು ನನ್ನೆದುರು ಬಂದು ನಿಲ್ಲುತ್ತದೆ.

ಇಂಥ ನನ್ನ ಮನೆಯ ಮಹಡಿಗೆ ಹೋದ ವರ್ಷ ಹಾಲೆಂಡಿನಿಂದ ಫೆಮ್ಕೆ ಎಂಬ ಹುಡುಗಿ ಬಂದಳು, ಜಾನಪದ ಓದಲು. ಅಲ್ಲಿಂದಲೇ ಒಂದಿಷ್ಟು ಕನ್ನಡ ಕಲಿತು ಬಂದಿದ್ದಳು. ಹಿನಕಲ್ಲಿನ ನಮ್ಮ ಬೀದಿಯವರು ಆ ಹೆಸರಿನ ಜೊತೆ ಎರಡು ದಿನ ಹೆಣಗಾಡಿ, ಆಮೇಲೆ ಪ್ರೇಮಾ ಎಂದು ಕರೆದು ಕೈತೊಳೆದುಕೊಂಡರು. ಇವಳಿಗಿಂತ ಮೊದಲು ಅದೇ ಕೋಣೆಯಲ್ಲಿದ್ದ ಹೊರದೇಶದ ಹುಡುಗಿ ತಿಂಗಳೊಪ್ಪತ್ತಿಗೇ ಅಳುತ್ತಾ ಗಂಟುಮೂಟೆ ಕಟ್ಟಿದ್ದಳು. ನನ್ನ ಹೆಂಡತಿ ಸರೋಜ ಅದನ್ನು ತನ್ನ ಅಡುಗೆಗೇ ಆದ ಅವಮಾನವೆಂದು ತಿಳಿದಿದ್ದಳು. ‘ಈ ಮಗು ಓದು ಮುಗಿಸ್ಕೊಂಡೇ ಹೋಗ್ಬೇಕು, ನೋಡ್ತಾ ಇರಿ’ ಎಂದು ಪಣ ತೊಟ್ಟಳು.

ಮೊದಲ ದಿನ ಸರೋಜ ಬಾಯಿಮಾತಿಗೆ ‘ಕಾಫಿ ಕುಡೀತೀಯಾ?’ ಎಂದಳು. ‘ಕುಡೀತೀನಿ’ ಎಂದು ಹುಡುಗಿ ಕೂತೇಬಿಟ್ಟಳು. ಒತ್ತಾಯಕ್ಕೆಂದು ಸಿದ್ಧ ಮಾಡಿಟ್ಟುಕೊಂಡಿದ್ದ ಮಾತುಗಳೆಲ್ಲ ದಂಡವಾದವಲ್ಲ ಎಂದು ಸರೋಜ ಪೆಚ್ಚಾಗಿ ಒಳಗೆ ಹೋದಳು. ನನ್ನ ಸರದಿ ಒಂದು ಭಾನುವಾರ ಬಂತು. ನಲ್ಲಿ ಸೋರುತ್ತಿದೆಯೆಂದು ಮೇಲೆ ಹೋದರೆ, ಅವಳು ಸೇಬು, ಚಕ್ಕೆ ಹಾಕಿ ಕೇಕು ಮಾಡಿದ್ದಳು. ಆ ಪರಿಮಳಕ್ಕೆ ನಲ್ಲಿ ಯಾವುದು, ಸ್ಪ್ಯಾನರ್ ಯಾವುದು ಒಂದೂ ತಿಳಿಯಲಿಲ್ಲ. ‘ಅಂಕಲ್, ತಿಂತೀರಾ?’ ಎಂದಳು. ‘ಅಯ್ಯೋ ಬೇಡಮ್ಮ’ ಎಂದೆ. ‘ಸರಿ’ ಎಂದು ತಟ್ಟೆ ಮುಚ್ಚಿದಳು! ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಇಳಿದೆ. ಯಾರೂ ಕರೆಯಲಿಲ್ಲ.

ಮಾರನೆಯ ದಿನವೇ ಅವಳನ್ನು ಕೂರಿಸಿಕೊಂಡು ಪಾಠ ಹೇಳಿದೆ. ‘ನೋಡು ಪ್ರೇಮಾ, ನಮ್ಮಲ್ಲಿ ಮೊದಲನೇ ಬೇಡ ಅಂದ್ರೆ ಬೇಡ ಅಂತಲ್ಲ ಕಣಮ್ಮ.’ ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ‘ಹಾಗಾದರೆ ಎಷ್ಟನೇದು ನಿಜ?’ ಎಂದು ಕೇಳಿದಳು. ನನ್ನನ್ನು ಇದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ‘ಮುಖ ನೋಡಿದ್ರೆ ಗೊತ್ತಾಗುತ್ತೆ’ ಎಂದು ಜಾರಿಕೊಂಡೆ.

ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಸಂಜೆ ತಾರಸಿಯ ಮೇಲೆ ಕೂತು, ದೂರದಲ್ಲಿ ಬೆಟ್ಟದ ದೀಪಗಳು ಹೊತ್ತಿಕೊಳ್ಳುವುದನ್ನು ನೋಡುತ್ತಾ ಅವಳ ದೇಶವನ್ನು ಕಲ್ಪಿಸಿಕೊಂಡೆ. ನಿಧಾನವಾಗಿ ಹರಿಯುವ ಕಾಲುವೆ, ಆಚೀಚೆ ಹೂವಿನ ಹೊಲ, ಯಾರೂ ಯಾರನ್ನೂ ಒತ್ತಾಯ ಮಾಡದ ಜನ. ಬೇಡವೆಂದರೆ ಬೇಡ, ಬೇಕೆಂದರೆ ಬೇಕು, ಎಂಥ ನೆಮ್ಮದಿ! ಇನ್ನು ನಾನೂ ಹಾಗೆಯೇ ಬಾಳಬೇಕೆನ್ನಿಸಿತು. ಬಾಲ್ಯದ ಗೆಳೆಯ ಸಿದ್ದೇಗೌಡ ಮನೆಗೆ ಬಂದು ಕಾಫಿ ಬೇಡವೆಂದಾಗ ಸುಮ್ಮನಾದೆ. ಅವನು ಮುಖ ಊದಿಸಿಕೊಂಡು ಎದ್ದು, ‘ಏನ್ಲಾ, ಇಂಗಾಗ್ಬುಟ್ಟೆ?’ ಎಂದು ಹೋದ. ನನಗೆ ಅದೂ ಬಿರುದಿನಂತೆ ಕೇಳಿಸಿತು.

ಹೀಗಿರುವಾಗ ಒಂದು ದಿನ ಹುಡುಗಿ ಕೆಳಗೆ ಇಳಿಯಲಿಲ್ಲ. ಸರೋಜ ಬೆಳಿಗ್ಗೆಯೇ ಕಡಕೊಳದ ಅಕ್ಕನ ಮನೆಗೆ ಹೋಗಿದ್ದಳು. ನಾನೇ ಮೇಲೆ ಹೋಗಿ ನೋಡಿದರೆ ಹುಡುಗಿ ಹೊದ್ದು ಮಲಗಿದ್ದಾಳೆ, ಮೈ ಸುಡುತ್ತಿದೆ. ಜ್ವರದ ಮಾತ್ರೆ ಕೊಟ್ಟು, ‘ಗಂಜಿ ಮಾಡ್ಕೊಡ್ಲಾ?’ ಎಂದೆ. ‘ಬೇಡ ಅಂಕಲ್, ನಿಮಗೆ ಯಾಕೆ ತೊಂದರೆ’ ಎಂದಳು. ‘ಸರಿ’ ಎಂದು ಬಾಗಿಲು ಮುಂದೆ ಮಾಡಿ ಇಳಿದು ಬಂದೆ. ಪರರ ಮಾತಿಗೆ ಎಷ್ಟು ಗೌರವ ಕೊಟ್ಟೆನಲ್ಲ ಎಂಬ ಸಂತೋಷದಲ್ಲಿ ಆರಾಮ ಕುರ್ಚಿಗೆ ಒರಗಿದೆ. ಕಣ್ಣು ಮುಚ್ಚಿದ್ದೇ ತಡ, ನಾನೊಂದು ದೋಣಿಯಲ್ಲಿ ಆ ಕಾಲುವೆಯ ಮೇಲೆ ತೇಲಿ ಹೋಗುತ್ತಿದ್ದೆ.

ಸಂಜೆ ಐದಕ್ಕೆ ಸರೋಜ ಬಂದು ದೋಣಿ ಮಗುಚಿದಳು. ‘ಹುಡುಗಿ ಏನು ತಿಂದ್ಲು?’
‘ಏನೂ ಬೇಡ ಅಂದ್ಲು.’
‘ಬೇಡ ಅಂದ್ಲಂತೆ! ಇವರು ಬಿಟ್ಟು ಬಂದ್ರಂತೆ! ನಿಮಗೆ ಮನುಷ್ಯತ್ವ ಇದ್ಯೇನ್ರೀ?’

ಕಾಲು ಗಂಟೆಯಲ್ಲಿ ಗಂಜಿ ಮೇಲೆ ಹೋಯಿತು, ಉಪ್ಪಿನಕಾಯಿ ಬಟ್ಟಲು ಹಿಡಿದು ಹಿಂದೆ ನಾನು. ಹುಡುಗಿ ಎರಡು ಬಟ್ಟಲು ಕುಡಿದು, ಸರೋಜಳ ಭುಜಕ್ಕೆ ತಲೆಯಿಟ್ಟು ಅತ್ತಳು. ಹಾಸಿಗೆಯ ಮೇಲಿದ್ದ ಫೋನಿನಲ್ಲಿ ವಿಮಾನದ ಟಿಕೆಟ್ಟಿನ ಪುಟ ತೆರೆದೇ ಇತ್ತು. ‘ಊರಿಗೆ ಹೋಗಿಬಿಡೋಣ ಅನ್ನಿಸ್ತು ಆಂಟಿ. ಒಂದು ಸಲ ಬೇಡ ಅಂದೆ. ಅಂಕಲ್ ಮತ್ತೆ ಕೇಳ್ತಾರೆ ಅಂತ ಕಾದೆ. ಅವರು ಇಳಿದುಹೋದ ಸದ್ದು ಕೇಳಿಸ್ತು.’

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವಳು ಮೈಸೂರಿನವಳಾಗಿ ಕಾದಿದ್ದಳು, ನಾನು ಹಾಲೆಂಡಿನವನಾಗಿ ಇಳಿದುಬಂದಿದ್ದೆ. ಸರೋಜ ಆ ಫೋನು ತೆಗೆದು ದಿಂಬಿನ ಕೆಳಗೆ ಸರಿಸಿದಳು. ‘ತಪ್ಪಾಯ್ತು ಕಣಮ್ಮ’ ಎಂದೆ.

ಹುಡುಗಿ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದಳು. ‘ಬೇಜಾರು ಮಾಡ್ಕೋಬೇಡಿ ಅಂಕಲ್. ಇಲ್ಲಿಯ ಪದ್ಧತಿ ಮೊದಮೊದಲು ಎಲ್ಲರಿಗೂ ಕಷ್ಟ. ನಿಮಗೂ ನಿಧಾನವಾಗಿ ಅಭ್ಯಾಸ ಆಗುತ್ತೆ.’

ಐವತ್ತಾರು ವರ್ಷಗಳಿಂದ ಹಿನಕಲ್ ಬಿಟ್ಟು ಕದಲದ ನಾನು, ‘ಪ್ರಯತ್ನ ಮಾಡ್ತೀನಮ್ಮ’ ಎಂದೆ.