ಕಾಲಿಗೆ ಕಟ್ಟಿದ ಕ್ಯಾನು

ಶಿಕಾರಿಪುರದ ಮೂಳೆ ಡಾಕ್ಟರ್ ಚನ್ನೇಶ್ ಅವರಿಗೆ ಇಟ್ಟಿಗೆ ಕಂಡರೆ ಆಗುತ್ತಿರಲಿಲ್ಲ. ತೊಡೆ ಮುರಿದವರ ಕಾಲಿಗೆ ಹಗ್ಗ ಕಟ್ಟಿ, ಮಂಚದ ತುದಿಯ ಗಾಲಿಯ ಮೇಲೆ ಹಾಯಿಸಿ, ಇಟ್ಟಿಗೆ ಇಳಿಬಿಡುವುದು ಆಗಿನ ಪದ್ಧತಿ. ಒಂದು ಇಟ್ಟಿಗೆಯ ತೂಕ ಇನ್ನೊಂದಕ್ಕಿಲ್ಲ. ತೊಂಬತ್ತನಾಲ್ಕರ ಬೇಸಿಗೆಯಲ್ಲಿ ಅವರಿಗೊಂದು ಉಪಾಯ ಹೊಳೆಯಿತು. ಇಟ್ಟಿಗೆಯ ಜಾಗಕ್ಕೆ ನಲ್ಲಿ ಇರುವ ನೀರಿನ ಕ್ಯಾನು! ಮೈಮೇಲೆ ಕೆಂಪು ಗೆರೆಗಳು. ಐದು ಕೆ.ಜಿ. ಬೇಕೆಂದರೆ ಐದನೇ ಗೆರೆಗೆ ನೀರು.

ಅದನ್ನು ನೋಡಲು ಅಂದು ಮೂರು ಗಂಟೆಗೆ ಹುಬ್ಬಳ್ಳಿಯ ಪ್ಲಾಸ್ಟಿಕ್ ಕಂಪನಿಯ ಶರತ್ ಬರುವವರಿದ್ದರು. ಅವರು ಒಪ್ಪಿದರೆ ಊರೂರ ಆಸ್ಪತ್ರೆಯಲ್ಲೂ ಕ್ಯಾನು. ಇಲ್ಲವಾದರೆ ಮತ್ತದೇ ಇಟ್ಟಿಗೆ.

ಬೆಳಿಗ್ಗೆ ನೋಡಿದರೆ, ರೋಗಿಯ ಕಾಲಿಗೆ ಐದನೇ ಗೆರೆವರೆಗೆ ತುಂಬಿ ಕಟ್ಟಿದ್ದ ಕ್ಯಾನಿನ ನೀರು ಮೂರನೇ ಗೆರೆಗೆ ಇಳಿದಿತ್ತು. ಸೋರುತ್ತಿರಬೇಕೆಂದು ಡಾಕ್ಟರು ನಲ್ಲಿಗೆ ಹೊಸ ವಾಷರ್ ಹಾಕಿ ತುಂಬಿಸಿದರು. ಹತ್ತು ಗಂಟೆಗೆ ಎರಡನೇ ಗೆರೆ! ಬಾಗಿಲ ಮರೆಯಲ್ಲಿ ನಿಂತು ಇಣುಕಿದರು.

ತಾಳಗುಂದದಿಂದ ಟ್ರ್ಯಾಕ್ಟರ್ ತುಂಬ ನೆಂಟರು ಬಂದಿದ್ದರು. ರೋಗಿ ಹುಚ್ಚರಾಯಪ್ಪನ ಹೆಂಡತಿ ಶೇಷಮ್ಮ ಒಬ್ಬೊಬ್ಬರ ಕೈಗೂ ಬೆಲ್ಲದ ಚೂರು ಇಟ್ಟು, ಕ್ಯಾನಿನ ನಲ್ಲಿ ತಿರುಗಿಸಿ ಲೋಟ ತುಂಬಿಸುತ್ತಿದ್ದಳು. ತಂಪಿರಲೆಂದು ಕ್ಯಾನಿಗೆ ಒದ್ದೆ ಗೋಣಿತಾಟು ಬೇರೆ ಸುತ್ತಿದ್ದಳು.

"ಅಯ್ಯೋ ಅಮ್ಮಾ, ಅದು ನೀರಲ್ಲ, ತೂಕ!"

"ನೋಡಾಕೆ ನೀರೇ ಕಾಣ್ತದಲ್ರೀ? ಬಂದೋರಿಗೆ ಬೆಲ್ಲ ನೀರು ಕೊಡದೆ ಹಂಗೇ ಕಳಿಸಿದ್ರೆ ಊರಾಗೆ ಏನಂದಾರು? ಆಗ್ಲಿ ಬಿಡ್ರಿ, ಕುಡಿದಷ್ಟು ಹೊಯ್ದಿಡ್ತೀನಿ."

ಶೇಷಮ್ಮನದು ಧಾರಾಳದ ಕೈ. ಮಧ್ಯಾಹ್ನಕ್ಕೆ ಕ್ಯಾನು ತುಳುಕುತ್ತಿತ್ತು. ಹುಚ್ಚರಾಯಪ್ಪ ಆ ಭಾರಕ್ಕೆ, ಹಗ್ಗ ಹಿಡಿದು ಜಗ್ಗಿದ ಎತ್ತಿನಂತೆ, ಮಂಚದ ತುದಿಗೆ ಜಾರಿ ಬಂದಿದ್ದ.

"ಡಾಕ್ಟ್ರೇ, ಇನ್ನೊಂದು ಚೊಂಬು ಹೊಯ್ದ್ರೆ ನಾನು ನಡಕೊಂಡೇ ಊರಿಗೆ ಹೋಗ್ತೀನಿ ನೋಡ್ರಿ!"

ಅವನನ್ನು ಮೇಲಕ್ಕೆಳೆದು, ನೀರನ್ನು ಸರಿಯಾಗಿ ಐದನೇ ಗೆರೆಗೆ ತರುವಷ್ಟರಲ್ಲಿ ಶರತ್ ಒಳಗೆ ಬಂದರು. ಬಿಸಿಲಿಗೆ ಅವರ ಮುಖ ಹಂಚಿನ ಮೇಲಿನ ರೊಟ್ಟಿಯಂತಾಗಿತ್ತು. ಡಾಕ್ಟರು ವಿವರಣೆಗೆ ಬಾಯಿ ತೆರೆಯುವುದಕ್ಕೂ ಶೇಷಮ್ಮ ಬೆಲ್ಲ ಕೊಟ್ಟು ನಲ್ಲಿ ತಿರುಗಿಸುವುದಕ್ಕೂ ಸರಿಹೋಯಿತು.

ಶರತ್ ಒಂದು ಲೋಟ ಕುಡಿದರು. ಇನ್ನೊಂದು ಕುಡಿದರು. ಕಣ್ಣರಳಿಸಿ ಕ್ಯಾನಿನ ಸುತ್ತ ಬಂದರು. ಗೋಣಿತಾಟು ಮುಟ್ಟಿದರು.

"ಭಾಳ ಚಲೋ ಐತ್ರೀ! ಐನೂರು ಮಾಡಿಸೋಣ."

ಡಾಕ್ಟರ ಎದೆ ಹಿಗ್ಗಿತು. "ಐನೂರು ಆಸ್ಪತ್ರೆಗೆ?"

"ಆಸ್ಪತ್ರೆಗ್ಯಾಕ್ರೀ? ಬಸ್ ಸ್ಟ್ಯಾಂಡಿಗೆ, ಆಫೀಸಿಗೆ. ಕರೆಂಟಿಲ್ದೆ ತಂಪು ನೀರು! ಆದ್ರ ಒಂದು ಬದಲಾವಣೆ ಮಾಡ್ರಿ ಡಾಕ್ಟ್ರೇ. ತೂಗಹಾಕಾಕ ಈ ಕಾಲು ಬ್ಯಾಡ. ಗ್ವಾಡಿಗೆ ಒಂದು ಮೊಳೆ ಹೊಡೆದ್ರ ಸಾಕು."

ಗೋಣಿತಾಟಿನ ಉಪಾಯ ಯಾರದೆಂದು ಕೇಳಿ, ಪುಸ್ತಕದಲ್ಲಿ ಶೇಷಮ್ಮನ ಹೆಸರು ಬರೆದುಕೊಂಡರು. ಮಾದರಿಗೆಂದು ಕ್ಯಾನನ್ನೂ ಬಿಚ್ಚಿಸಿಕೊಂಡು ಬಸ್ಸು ಹತ್ತಿದರು.

ಡಾಕ್ಟರು ಹಿತ್ತಿಲಿಗೆ ಹೋಗಿ ಎರಡು ಇಟ್ಟಿಗೆ ತಂದು ಹಗ್ಗಕ್ಕೆ ಕಟ್ಟಿದರು. ಶೇಷಮ್ಮ ಅವರ ಕೈಗೂ ಬೆಲ್ಲ ಇಟ್ಟಳು. ಹುಚ್ಚರಾಯಪ್ಪ ನೆಮ್ಮದಿಯಿಂದ ಕಾಲು ಚಾಚಿದ.

"ಇದೇ ಚಲೋ ಬಿಡ್ರಿ ಡಾಕ್ಟ್ರೇ. ಇಟ್ಟಿಗೇನ ಯಾರೂ ಕುಡಿಯಲ್ಲ."