ತಲೆಕೆಳಗಿನ ಜೇಬು

ಥಂಡಿ ಸಾಹೇಬರಿಗೆ ಅಕ್ಕನ ಮೇಲಿದ್ದ ಮುಖ್ಯ ದೂರೆಂದರೆ, ಮಾತಾಡಿಸಿದರೆ ಆಕೆ ಎಣಿಸುತ್ತಾಳೆ ಎನ್ನುವುದು. ಸಂಜೆ ಕೆಲಸ ಮುಗಿಸಿ ಬಂದು, ಬೂಟು ಬಿಚ್ಚುತ್ತ, ಇವತ್ತು ಆಫೀಸಿನಲ್ಲಿ ಏನಾಯ್ತು ಗೊತ್ತಾ ಎಂದು ಶುರು ಮಾಡಿದರೆ, ಆಕೆ ಹೆಣಿಗೆಯ ಕಡ್ಡಿಯಿಂದಲೇ ತಡಿ ಎಂದು ಸನ್ನೆ ಮಾಡಿ ತುಟಿಯೊಳಗೇ ಕುಣಿಕೆ ಎಣಿಸುತ್ತಿದ್ದಳು. ಸಾಲು ಮುಗಿಯುವ ಹೊತ್ತಿಗೆ ಆಫೀಸಿನಲ್ಲಿ ಆದದ್ದೇನೆಂದು ಇವರಿಗೇ ಮರೆತುಹೋಗಿರುತ್ತಿತ್ತು. (ನಿಜ ಹೇಳಬೇಕೆಂದರೆ ಆಫೀಸಿನಲ್ಲಿ ಏನೂ ಆಗಿರುತ್ತಿರಲಿಲ್ಲ. ಆದರೆ ಏನೂ ಆಗಲಿಲ್ಲ ಎಂದು ಹೇಳಿಕೊಳ್ಳುವುದಕ್ಕೂ ಒಬ್ಬರು ಬೇಕಲ್ಲ.)

ಸಾಹೇಬರು ಒಂದು ಶೀತಲ ಉಗ್ರಾಣದ ಮೇಲ್ವಿಚಾರಕರು. ಸೇಬು, ಆಲೂಗಡ್ಡೆ, ಬೆಣ್ಣೆ ಇವು ಕೆಡದಂತೆ ಕಾಯುವುದು ಅವರ ಕೆಲಸ. ಆ ಕೆಲಸದ ಮುಕ್ಕಾಲು ಪಾಲು, ಬಾಗಿಲು ತೆರೆದಿಟ್ಟು ಹೋದವರನ್ನು ಬೈಯುವುದು. ಉಗ್ರಾಣದ ಪಕ್ಕದಲ್ಲೇ ಅವರ ಕೋಣೆ. ಬಾಗಿಲ ಸಂದಿಯಿಂದ ನುಸುಳುವ ಚಳಿ ನೇರವಾಗಿ ಅವರ ಕತ್ತಿಗೇ ಬಂದು ಕೂರುತ್ತಿತ್ತು. ಕೂಲಿಯಾಳುಗಳು ಇಟ್ಟ ಹೆಸರು ಥಂಡಿ ಸಾಹೇಬರು. ಮದುವೆಯ ಮಾತು ಬಂದಾಗಲೆಲ್ಲ ನೋಡೋಣ, ನೋಡೋಣ ಎನ್ನುತ್ತಲೇ ಐವತ್ತು ದಾಟಿ, ತಾವು ಕಾಯುವ ಸೇಬಿನ ಹಾಗೆ ಇದ್ದಲ್ಲೇ ಇದ್ದುಬಿಟ್ಟಿದ್ದರು. ಅಕ್ಕನೂ ಹಾಗೇ. ಜೀವಮಾನವೆಲ್ಲ ಲೈಬ್ರರಿಯಲ್ಲಿ ಕೂತು ಕಂಡವರಿಗೆಲ್ಲ ಸದ್ದು ಮಾಡಬೇಡಿ ಎಂದು ಹೇಳಿ ನಿವೃತ್ತಳಾದವಳು, ಈಗ ಅದೇ ಸೇವೆಯನ್ನು ಮನೆಯಲ್ಲಿ ಮುಂದುವರಿಸಿದ್ದಳು.

ಇಬ್ಬರಿಗೂ ಕಿತ್ತಾಡುವುದಕ್ಕೆ ಒಂದು ಕಿಟಕಿಯಿತ್ತು. ಆಕೆ ತೆರೆಯುತ್ತಿದ್ದಳು, ಇವರು ಮುಚ್ಚುತ್ತಿದ್ದರು. ಆಕೆಗೆ ಗಾಳಿ ಬೇಕು. ಇವರಿಗೆ ದಿನವಿಡೀ ಸರ್ಕಾರಿ ಲೆಕ್ಕದಲ್ಲಿ ಸಿಗುವ ಚಳಿಯೇ ಸಾಕಾಗಿತ್ತು. ಸಂಸಾರವೆಂದರೆ ಇಷ್ಟೇ ಇರಬಹುದೆಂದು ಇಬ್ಬರೂ ಒಪ್ಪಿಕೊಂಡಂತಿತ್ತು.

ಜೇಬಿನ ಶಾಲು ಅಕ್ಕನ ಸ್ವಂತ ಆವಿಷ್ಕಾರ. ಕನ್ನಡಕ ಎಲ್ಲಿಟ್ಟೆ, ಕರವಸ್ತ್ರ ಎಲ್ಲಿಟ್ಟೆ ಎಂದು ಮನೆಯೆಲ್ಲ ಸುತ್ತಿ ಸಾಕಾಗಿ, ಒಂದು ದಿನ ತನ್ನ ಶಾಲಿನ ಎರಡು ತುದಿಗೂ ಉಣ್ಣೆಯದೇ ಜೇಬು ಹಾಕಿಕೊಂಡಳು. ಅದನ್ನು ನೋಡಿ ಪಕ್ಕದ ಮನೆಯಾಕೆ ಕೇಳಿದರು, ಅವರದನ್ನು ನೋಡಿ ಅವರ ನಾದಿನಿ ಕೇಳಿದಳು. ಬೀದಿಯ ಅರ್ಧ ಹೆಂಗಸರು ಕೈಯನ್ನು ಎದೆಯ ಹತ್ತಿರ ಹುದುಗಿಸಿಕೊಂಡು, ಯಾವುದೋ ಗುಟ್ಟನ್ನು ಬೆಚ್ಚಗೆ ಕಾಯುತ್ತಿರುವವರಂತೆ ಓಡಾಡತೊಡಗಿದರು. ಸಾಹೇಬರಿಗೆ ಮಾತ್ರ ಆಕೆ ಏನೂ ಹಾಕಿಕೊಡಲಿಲ್ಲ. ಅದಕ್ಕೂ ಕಾರಣವಿತ್ತು. ಹಿಂದೊಮ್ಮೆ ಹಾಕಿಕೊಟ್ಟ ಸ್ವೆಟರು ಚುಚ್ಚುತ್ತದೆಂದೂ, ಅದಕ್ಕೂ ಮೊದಲು ಹಾಕಿಕೊಟ್ಟ ಟೋಪಿ ಕಿವಿಗೆ ಸಾಲದೆಂದೂ ಇವರೇ ತೀರ್ಪು ಕೊಟ್ಟಿದ್ದರು.

ಆದ್ದರಿಂದ, ಆಕೆ ಬೂದು ಬಣ್ಣದ ದಪ್ಪ ಉಣ್ಣೆ ತಂದು, ತಮ್ಮನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಭುಜದಿಂದ ಭುಜಕ್ಕೆ ಅಳತೆ ತೆಗೆದುಕೊಂಡ ದಿನ ಸಾಹೇಬರಿಗೆ ಒಳಗೊಳಗೇ ಹಿಗ್ಗಾಯಿತು. ಹಿಗ್ಗಿದ್ದು ತೋರಬಾರದೆಂದು ಕೂಡಲೇ ಸಲಹೆ ಕೊಡಲು ಶುರು ಮಾಡಿದರು. ಕತ್ತಿನ ಹತ್ತಿರ ಗುಂಡಿಯಿರಲಿ. ಎಡಗಡೆಯ ಜೇಬು ಆಳವಾಗಿರಲಿ, ಅಲ್ಲಿ ಬಿಸಿನೀರಿನ ಚೀಲ ಇಡಬೇಕು. ಬಲಗಡೆ ಉದ್ದಕ್ಕೆ ಸಣ್ಣದೊಂದು ಜೇಬು, ಥರ್ಮಾಮೀಟರಿಗೆ. ಅಕ್ಕ ಎಣಿಸುತ್ತ ಎಣಿಸುತ್ತ ಅವರ ಮುಖ ನೋಡುತ್ತಿದ್ದಳು. ಒಂದು ಸಂಜೆ ಕಡ್ಡಿ ಕೆಳಗಿಟ್ಟು, ನಿನಗೊಂದು ಮಾತು ಹೇಳಬೇಕಿತ್ತು ಎಂದಳು. ಗುಂಡಿ ಕಪ್ಪು ಬಣ್ಣದ್ದೇ ತಾನೆ ಎಂದು ಇವರು ಕೇಳಿದರು. ಆಕೆ ಹೂಂ, ಕಪ್ಪೇ ಎಂದು ಮತ್ತೆ ಕಡ್ಡಿ ಎತ್ತಿಕೊಂಡಳು.

ಆ ದಿನಗಳಲ್ಲಿ ಅಕ್ಕನ ಕನ್ನಡಕ ಪದೇ ಪದೇ ಕೆಡುತ್ತಿತ್ತು. ಒಂದು ವಾರ ಕಡ್ಡಿ ಸಡಿಲ, ಇನ್ನೊಂದು ವಾರ ಗಾಜು ಮಸುಕು. ಪೇಟೆಯ ಕನ್ನಡಕದ ಅಂಗಡಿಗೆ ಹೋದವಳು ಸಂಜೆಯಾದ ಮೇಲೇ ಬರುತ್ತಿದ್ದಳು. ಪಾಪ, ದೃಷ್ಟಿ ಹೋಗುತ್ತಿದೆ ಎಂದು ಸಾಹೇಬರು ಮರುಗಿದರು. ತಾವೇ ಹೋಗಿ ಕಣ್ಣಿಗೆ ಹಾಕುವ ಔಷಧಿ ತಂದುಕೊಟ್ಟರು. ಆಫೀಸಿನಲ್ಲಿ, ಕಣ್ಣು ಕಾಣದಿದ್ದರೂ ನನಗೋಸ್ಕರ ಶಾಲು ಹಾಕ್ತಿದ್ದಾಳೆ ಎಂದು ಹೇಳಿಕೊಂಡರು. ಗುಮಾಸ್ತ ತನ್ನ ಅಕ್ಕನನ್ನು ನೆನೆಸಿಕೊಂಡು ಕಣ್ಣೊರೆಸಿಕೊಂಡ.

ಶಾಲು ಮುಗಿದ ವಾರ, ರಜೆಯ ದಿನ, ಯಾರೋ ಕರೆಗಂಟೆ ಒತ್ತಿದರು. ಸಾಹೇಬರು ಬಾಗಿಲು ತೆಗೆದರೆ ಎದುರಿಗೆ ನಿಂತಿರುವುದು ಅವರ ಶಾಲು. ಬೂದು ಬಣ್ಣ, ಕಪ್ಪು ಗುಂಡಿ, ಎಡಕ್ಕೆ ಆಳದ ಜೇಬು. ಅದರೊಳಗೆ ಒಬ್ಬ ನರೆಗೂದಲಿನ, ಸಂಕೋಚದ ಮನುಷ್ಯ. ಸಾಹೇಬರಿಗೆ ತಕ್ಷಣ ಹೊಳೆಯಿತು: ಅಕ್ಕ ಇಸ್ತ್ರಿಗೆ ಕೊಟ್ಟಿರಬೇಕು, ಇವನು ಇಸ್ತ್ರಿಯ ಅಂಗಡಿಯವನು, ಕೈಯಲ್ಲಿ ಹಿಡಿದರೆ ಮಡಿಕೆ ಬೀಳುತ್ತದೆಂದು ಹೊದ್ದುಕೊಂಡೇ ಬಂದಿದ್ದಾನೆ. ಬಹಳ ಉಪಕಾರವಾಯಿತೆಂದು ಹೇಳಿ ಗುಂಡಿ ಬಿಚ್ಚಿದರು. ಆ ಮನುಷ್ಯ ಬಹಳ ಮರ್ಯಾದಸ್ಥ, ಒಂದು ತೋಳನ್ನು ಎತ್ತಿಯೂ ಕೊಟ್ಟ. ಶಾಲು ಅರ್ಧ ಇವರ ಕೈಗೆ ಬಂದಿದ್ದಾಗ ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಅದನ್ನ ಅವರ ಮೈಮೇಲೇ ಬಿಡು," ಎಂದಳು. "ಅದು ಅವರದೇ. ನಾವಿಬ್ಬರೂ ಮದುವೆ ಮಾಡ್ಕೊಳ್ತಿದ್ದೀವಿ."

ಕನ್ನಡಕದ ಅಂಗಡಿಯವರು ಅವರು. ಹೆಂಡತಿ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಅಳತೆ ತೆಗೆದುಕೊಳ್ಳಲು ಅವರನ್ನೇ ಕೇಳುವುದಕ್ಕೆ ಅಕ್ಕನಿಗೆ ನಾಚಿಕೆಯಾಗಿ, ಅವರಷ್ಟೇ ಅಗಲ ಭುಜದ ತಮ್ಮನನ್ನು ಗೋಡೆಗೆ ನಿಲ್ಲಿಸಿದ್ದಳು. ಸಾಹೇಬರು ಗುಂಡಿಯನ್ನು ಮತ್ತೆ ಹಾಕಿಕೊಟ್ಟು, ಒಳಗೆ ಬನ್ನಿ ಎಂದರು. ಆಮೇಲೆ ಆ ಸಜ್ಜನರು ಚಹಾ ಕುಡಿಯುತ್ತ, ಈ ಉದ್ದನೆಯ ಸಣ್ಣ ಜೇಬು ಯಾತಕ್ಕೆ ಅಂತ ನನಗೆ ಗೊತ್ತೇ ಆಗಲಿಲ್ಲ ಎಂದಾಗ, ಥರ್ಮಾಮೀಟರಿಗೆ ಎಂದು ಸಾಹೇಬರು ತಾವೇ ತಿಳಿಸಬೇಕಾಯಿತು.

ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ಮದುವೆ ಮುಗಿಯಿತು. ಸಾಕ್ಷಿ ಸಹಿ ಸಾಹೇಬರದೇ. ಅಕ್ಕ ಊರಿನ ಇನ್ನೊಂದು ತುದಿಗೆ, ಅಂಗಡಿಯ ಮೇಲಿನ ಮನೆಗೆ ಹೋದಳು. ನೀನೂ ಬಂದಿರು ಎಂದು ಇಬ್ಬರೂ ಕರೆದರು. ನನಗೇನು ಕಡಿಮೆಯಾಗಿದೆ ಎಂದು ಇವರು ನಕ್ಕರು.

ಮಾರನೆಯ ಸಂಜೆ ಸಾಹೇಬರು ಮನೆಗೆ ಬಂದು ಕರೆಗಂಟೆ ಒತ್ತಿ ನಿಂತರು. ಒಳಗೆ ಗಂಟೆ ಮೊಳಗಿತು. ಇನ್ನೊಮ್ಮೆ ಒತ್ತಿದರು. ಎಣಿಸ್ತಿರಬೇಕು, ಸಾಲು ಮುಗೀಲಿ ಎಂದುಕೊಂಡು ಬೂಟಿನ ದಾರ ಸಡಿಲಿಸಿಕೊಂಡು ಕಾದರು. ಪಕ್ಕದ ಮನೆಯಾಕೆ ತಲೆ ಹೊರಗೆ ಹಾಕಿ, ಒಳಗೆ ಯಾರಿದ್ದಾರೆ ಅಂತ ಒತ್ತುತ್ತಿದ್ದೀರಿ ಎಂದು ಮೆಲ್ಲಗೆ ಕೇಳಿದರು. ಗಂಟೆ ಸರಿಯಾಗಿದೆಯಾ ಅಂತ ನೋಡ್ತಿದ್ದೆ ಎಂದರು ಸಾಹೇಬರು. ಸರಿಯಾಗಿತ್ತು.

ಕಿಟಕಿ ಈಗ ಹಗಲೂ ಇರುಳೂ ಮುಚ್ಚಿಯೇ ಇರುತ್ತಿತ್ತು. ಪೂರ್ಣ ವಿಜಯ. ಆದರೆ ಸೋತವರು ಯಾರೂ ಎದುರಿಗಿಲ್ಲದ ವಿಜಯವನ್ನು ಎಷ್ಟು ದಿನ ಅನುಭವಿಸುವುದು? ಕೆಲವು ದಿನಗಳಾದ ಮೇಲೆ ಬೆಳಗ್ಗೆ ಹೊರಡುವಾಗ ಕಿಟಕಿಯನ್ನು ತಾವೇ ತೆರೆದಿಟ್ಟು ಹೋಗತೊಡಗಿದರು. ಸಂಜೆ ಬಂದು, ಮತ್ತೆ ತೆರೆದಿದ್ದಾಳೆ ಎಂದು ಗೊಣಗಿ ಮುಚ್ಚುತ್ತಿದ್ದರು. ಅಷ್ಟು ಮಾತಾಡಿದ ಮೇಲೆ ಊಟ ಸ್ವಲ್ಪ ಸೇರುತ್ತಿತ್ತು. ಆಫೀಸಿನಲ್ಲಿ ಸಹ ಬೈಯುವುದು ಕಡಿಮೆಯಾಯಿತು. ಬಾಗಿಲು ತೆರೆದಿಟ್ಟವನನ್ನು ಕರೆದು ಕೂರಿಸಿ, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ವಿಚಾರಿಸುತ್ತಿದ್ದರಂತೆ. ಕೂಲಿಯಾಳುಗಳು ಹೆದರಿದರು.

ಅಕ್ಕನ ಮನೆಗೆ ಸುಮ್ಮನೆ ಹೋಗಿಬಿಡಬಹುದಿತ್ತು. ಬಿಗುಮಾನ ಬಿಡಲಿಲ್ಲ. ನಿನ್ನನ್ನು ನೋಡಬೇಕು ಅನ್ನಿಸಿತು ಎಂದು ಹೇಳುವಷ್ಟು ಬಾಯಿ ಅವರಿಗೆ ಹುಟ್ಟಿನಿಂದಲೇ ಇರಲಿಲ್ಲ. ಹೋಗಬೇಕಾದರೆ ಒಂದು ಕೆಲಸ ಬೇಕು. ಅಕ್ಕ ಬಿಟ್ಟುಹೋದ ಬುಟ್ಟಿಯಲ್ಲಿ ಉಣ್ಣೆಯ ಉಂಡೆಗಳೂ ಒಂದು ಜೊತೆ ಕಡ್ಡಿಯೂ ಕಂಡದ್ದೇ, ಅವರ ತಲೆಯಲ್ಲಿ ದೀಪ ಹೊತ್ತಿತು. ಮುಂದಿನ ಭಾನುವಾರ ಅದನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಊರು ದಾಟಿ ಹೋಗಿ, ಕತ್ತಿಗೆ ಚಳಿ, ಜೇಬಿರುವ ಮಫ್ಲರು ಬೇಕು, ನೀನು ಹಾಕಿಕೊಡುವುದು ಬೇಡ, ಹೇಗೆ ಅಂತ ಹೇಳಿಕೊಡು ಸಾಕು ಎಂದರು. ಅಕ್ಕ ಅವರ ಕಡೆ ಸ್ವಲ್ಪ ಹೊತ್ತು ನೋಡಿ, ಕೂತ್ಕೋ ಎಂದಳು.

ಮಫ್ಲರು ಬೇಗ ಬಂತು. ಸೊಟ್ಟಗಿತ್ತು, ಒಂದು ಕಡೆ ಅಗಲ ಇನ್ನೊಂದು ಕಡೆ ಕಿರಿದು, ಆದರೂ ಮಫ್ಲರೆಂದು ಗುರುತು ಸಿಗುವ ಹಾಗಿತ್ತು. ತೊಂದರೆ ಕೊಟ್ಟಿದ್ದು ಜೇಬು. ಅಕ್ಕ ಹೇಳಿಕೊಟ್ಟ ಕ್ರಮ ಸರಳ: ಚೌಕಾಕಾರದ ಒಂದು ತುಂಡನ್ನು ಬೇರೆಯಾಗಿ ಹೆಣೆದುಕೋ. ಮಫ್ಲರನ್ನು ಮೇಜಿನ ಮೇಲೆ ಹಾಸಿ, ಅದರ ಕುಚ್ಚಿನ ತುದಿಯನ್ನು ನಿನ್ನ ಕಡೆಗಿಟ್ಟುಕೋ. ಚೌಕವನ್ನು ಅದರ ಮೇಲಿಟ್ಟು, ನಿನ್ನ ಕಡೆಯ ಬದಿಯನ್ನು ಬಿಟ್ಟು ಉಳಿದ ಮೂರೂ ಬದಿ ಹೊಲಿ. ಸಾಹೇಬರು ಅಕ್ಷರಶಃ ಪಾಲಿಸಿದರು. ಕತ್ತಿಗೆ ಸುತ್ತಿಕೊಂಡು ಬೀಗದ ಕೈ ಹಾಕಿದರೆ, ಅದು ಠಣ್ಣೆಂದು ನೆಲಕ್ಕೆ ಬಿತ್ತು. ಜೇಬಿನ ಬಾಯಿ ಕೆಳಗಿತ್ತು.

ಭಾನುವಾರ ಮತ್ತೆ ಊರು ದಾಟಿದರು. ಅಕ್ಕ ನೋಡಿ, ಹೊಲಿಗೆ ಸಡಿಲವಾಗಿದೆ, ಪೂರ್ತಿ ಬಿಚ್ಚು ಎಂದಳು. ಮುಂದಿನ ಸಲ ಚೌಕ ದೊಡ್ಡದಾಯಿತೆಂದಳು. ಅದರ ಮುಂದಿನ ಸಲ ಉಣ್ಣೆಯೇ ಜಾರುವ ಜಾತಿಯದು ಎಂದಳು. ಮೇಲಿನವರು ಹೇಳಿದ್ದನ್ನು ಪ್ರಶ್ನಿಸದೆ ಪಾಲಿಸುವುದು ಸಾಹೇಬರ ನೌಕರಿಯ ಗುಣ. ಬಿಚ್ಚಿದರು, ಹೆಣೆದರು, ಕುಚ್ಚನ್ನು ತಮ್ಮ ಕಡೆಗಿಟ್ಟುಕೊಂಡು ಹೊಲಿದರು. ಬೀಗದ ಕೈ ಬಿದ್ದೇ ಬಿದ್ದಿತು. ನೀನು ಶುದ್ಧ ದಡ್ಡ, ನಿನಗೆ ಹೇಳಿಕೊಡುವುದರಲ್ಲೇ ನನ್ನ ಆಯುಸ್ಸು ಮುಗಿಯುತ್ತದೆ ಎಂದು ಅಕ್ಕ ಬೈಯುತ್ತಿದ್ದಳು. ಭಾವ ಪೇಪರಿನ ಹಿಂದೆ ಕೆಮ್ಮುತ್ತಿದ್ದರು. ಬೈಗುಳದ ಜೊತೆ ಊಟ, ಊಟದ ಮೇಲೆ ಚಹಾ, ಕಿಟಕಿಯ ವಿಷಯಕ್ಕೆ ಒಂದು ಜಗಳ. ಸಂಜೆ ಬಸ್ಸಿನಲ್ಲಿ ವಾಪಸು ಬರುವಾಗ ದಡ್ಡ ಎಂಬ ಬಿರುದು ಎದೆಯ ಹತ್ತಿರ ಬಿಸಿನೀರಿನ ಚೀಲದಂತೆ ಇರುತ್ತಿತ್ತು.

ಹೀಗೆ ಸುಖವಾಗಿ ನಡೆಯುತ್ತಿದ್ದ ವಿದ್ಯಾಭ್ಯಾಸಕ್ಕೆ ಒಂದು ಮಧ್ಯಾಹ್ನ ಕುತ್ತು ಬಂತು. ಆಫೀಸಿನಲ್ಲಿ ಕರೆಂಟು ಹೋಗಿತ್ತು. ಬಿಡುವಿನಲ್ಲಿ ಸಾಹೇಬರು ಆ ಅರೆಬೆಳಕಿನಲ್ಲೇ ಮಫ್ಲರು ಹಾಸಿಕೊಂಡು ಹೊಲಿಯುತ್ತಿದ್ದರು. ಮುಗಿಸಿ, ಕತ್ತಿಗೆ ಸುತ್ತಿ, ಅಭ್ಯಾಸಬಲದಿಂದ ಬಗ್ಗಿ ಕೈ ಒಡ್ಡಿ ಬೀಗದ ಕೈ ಹಾಕಿದರು. ಅದು ಬೀಳಲಿಲ್ಲ. ಎದ್ದು ನಿಂತರು, ಬೀಳಲಿಲ್ಲ. ಕೋಣೆಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು ಒಂದೆರಡು ಸಲ ಕುಪ್ಪಳಿಸಿದರು. ಬೀಗದ ಕೈ ಜೇಬಿನೊಳಗೆ ಕಿಣಿಕಿಣಿ ಎಂದಿತೇ ಹೊರತು ಹೊರಗೆ ಬರಲಿಲ್ಲ. ಕತ್ತಲಲ್ಲಿ ಕುಚ್ಚಿನ ತುದಿಯನ್ನು ಆಚೆ ಕಡೆಗಿಟ್ಟು ಹೊಲಿದಿದ್ದರು. ತಪ್ಪನ್ನು ತಪ್ಪಾಗಿ ಮಾಡಿದ್ದರಿಂದ ಸರಿಯಾಗಿಬಿಟ್ಟಿತ್ತು.

ಅವರು ಬೆಚ್ಚಗಿನ ಜೇಬಿಗೆ ಕೈ ಇಳಿಸಿ ನಿಂತರು. ಸಂತೋಷ ಒಂದು ಗಳಿಗೆ ಇತ್ತು. ಆಮೇಲೆ ಭಾನುವಾರ ನೆನಪಾಯಿತು. ಜೇಬು ಸರಿಯಾಯಿತು ಎಂದು ತೋರಿಸಿದರೆ, ಭೇಷ್ ಎನ್ನುತ್ತಾಳೆ. ಅದರ ಮುಂದಿನ ಭಾನುವಾರ ಏನೆಂದು ಹೋಗುವುದು? ಮಫ್ಲರು ಕತ್ತಿನಲ್ಲಿತ್ತು, ಚಳಿ ಈಗ ಬೇರೆ ದಾರಿಯಿಂದ ಒಳಗೆ ಬಂತು. ಕರೆಂಟು ಬಂದ ಮೇಲೆ ಸಾಹೇಬರು ಮತ್ತೆ ಕುರ್ಚಿಯಲ್ಲಿ ಕೂತರು. ಕೊನೆಗೆ ಸೂಜಿಗೆ ದಾರ ಪೋಣಿಸಿ, ಜೀವಮಾನದಲ್ಲಿ ತಾವು ಮಾಡಿದ ಏಕೈಕ ಸರಿಯಾದ ಜೇಬಿನ ಬಾಯನ್ನು ತಮ್ಮ ಕೈಯಿಂದಲೇ ಹೊಲಿದು ಮುಚ್ಚಿದರು.

ಭಾನುವಾರ ಅಕ್ಕನ ಮುಂದೆ ಮಫ್ಲರು ಹರಡಿ, ಆದಷ್ಟು ಪೆದ್ದು ಮುಖ ಮಾಡಿಕೊಂಡು, ಈ ಸಲ ಏನಾಯ್ತೋ, ಬಾಯೇ ಇಲ್ಲ ಎಂದರು. ಅಕ್ಕ ಕನ್ನಡಕ ಏರಿಸಿಕೊಂಡಳು. ಜೇಬನ್ನು ತಿರುಗಿಸಿ ನೋಡಿದಳು, ಮಗುಚಿ ನೋಡಿದಳು. ಬೆರಳಿನಿಂದ ನಾಲ್ಕೂ ಬದಿ ಸವರಿದಳು. ಮುಖ ಗಂಭೀರವಾಯಿತು.

"ಇದು ನಾನು ಹೇಳ್ಕೊಟ್ಟ ತಪ್ಪಲ್ಲ," ಎಂದಳು.

ಎಂದವಳೇ ನಾಲಿಗೆ ಕಚ್ಚಿಕೊಂಡಳು. ಭಾವನ ಪೇಪರು ಅಲ್ಲಾಡಲು ಶುರುವಾಯಿತು. ಸಾಹೇಬರ ಕಣ್ಣ ಮುಂದೆ ಕುಚ್ಚಿನ ತುದಿ, ತಮ್ಮ ಕಡೆಯ ಬದಿ, ಜಾರುವ ಜಾತಿಯ ಉಣ್ಣೆ ಎಲ್ಲ ಒಂದೊಂದಾಗಿ ಹಾದುಹೋದವು. ದೊಡ್ಡ ಉಗ್ರಾಣವೊಂದರ ಮೇಲ್ವಿಚಾರಕರಾದ ತಾವು, ವಾರ ವಾರ ಬಸ್ಸು ಹತ್ತಿ ಬಂದು, ತಲೆಕೆಳಗು ಜೇಬು ಹೊಲಿಯುವ ವಿದ್ಯೆಯನ್ನು ಶ್ರದ್ಧೆಯಿಂದ ಕಲಿತಿದ್ದರು. ಸಿಟ್ಟು ಬರಬೇಕಿತ್ತು, ಬಂತೋ ಏನೋ ಎಂದು ಸ್ವಲ್ಪ ಕಾದು ನೋಡಿದರು. ಬರಲಿಲ್ಲ. ಅಕ್ಕ ತಲೆ ಬಗ್ಗಿಸಿ ಆ ನಾಲ್ಕನೆಯ ಬದಿಯ ಹೊಲಿಗೆಯನ್ನೇ ನೋಡುತ್ತಿದ್ದಳು. ಅದೊಂದೇ ಹೊಲಿಗೆ ಅಚ್ಚುಕಟ್ಟಾಗಿತ್ತು, ಬೇಕೆಂದೇ ಹಾಕಿದ್ದೆಂದು ಯಾರಿಗಾದರೂ ತಿಳಿಯುವಷ್ಟು. ಸಾಹೇಬರೂ ತಲೆ ತಗ್ಗಿಸಿದರು.

ಅಕ್ಕ ಕತ್ತರಿ ತೆಗೆದುಕೊಂಡು ಆ ದಾರವನ್ನು ಕತ್ತರಿಸಿ, ಎಳೆದು ತೆಗೆದು, ಮಫ್ಲರನ್ನು ತಮ್ಮನ ಕತ್ತಿಗೆ ಸುತ್ತಿ ಸರಿಪಡಿಸಿದಳು. ಆಮೇಲೆ ಕಪಾಟಿನಿಂದ ಹೊಸದೊಂದು ಉಂಡೆ ಹುಡುಕಿ ಅವರ ಮಡಿಲಿಗೆ ಹಾಕಿದಳು. ಮುಂದಿನ ವಾರದಿಂದ ಕಾಲುಚೀಲ ಎಂದಳು. ಹಿಮ್ಮಡಿ ತಿರುಗಿಸುವುದು ಬಹಳ ಕಷ್ಟ, ನಿನ್ನಂಥ ದಡ್ಡನಿಗೆ ಒಂದು ವರ್ಷವೇ ಹಿಡಿಯಬಹುದು ಎಂದು, ತಲೆಯೆತ್ತದೆ ಎಚ್ಚರಿಸಿದಳು.

ಸಾಹೇಬರು ಉಂಡೆಯನ್ನು ಎತ್ತಿ ತೂಗಿ ನೋಡಿದರು.

"ನನಗೆ ಎರಡು ಕಾಲಿದೆ," ಎಂದರು.