ಸಬ್ತುವಿಗೆ ಫೀಲ್ ಬಂದ ದಿನ

"ನುಡಿಸೋದೇನೋ ನುಡಿಸ್ತೀಯ ಕಣೋ ಸಬ್ತು. ಆದ್ರೆ ಫೀಲ್ ಇಲ್ಲ."

ಮದುವೆ ಚಪ್ಪರದ ವೇದಿಕೆಯ ಮೇಲೆ ಬೆಳಗಿನ ತಾಲೀಮು ಮುಗಿಯುತ್ತಿದ್ದಂತೆ ಪಾಕ್ ಮಿಸ್ರಾನ್ ಆಡಿದ ಮಾತಿದು. ಆತ ಬ್ಯಾಂಡಿನ ಯಜಮಾನ, ಹಿರಿಯನೆಂದು ಎಲ್ಲರಿಗೂ 'ಪಾಕ್'. ಮಲೇಶಿಯಾದ ಮುವಾರ್ ಪಟ್ಟಣದ ಸುತ್ತಮುತ್ತ ಯಾವ ಹಳ್ಳಿಯಲ್ಲಿ ಮದುವೆಯಾದರೂ ಕೀಬೋರ್ಡಿನ ಹಿಂದೆ ಅವನ ಬೋಳುತಲೆ ಮಿಂಚಲೇಬೇಕು. ಸಬ್ತು ಅವನ ಗಿಟಾರಿನವನು. ವಾರವಿಡೀ ಬೈಕ್ ರಿಪೇರಿ, ಶನಿವಾರ ಭಾನುವಾರ ಗಿಟಾರು. ಅವನ ಬೆರಳು ತಂತಿಯ ಮೇಲೆ ಓಡಿದರೆ ಬಾಣಲೆಯಲ್ಲಿ ಜೋಳ ಸಿಡಿದ ಹಾಗೆ ಸ್ವರಗಳು ಹಾರುತ್ತಿದ್ದವು.

"ಫೀಲ್ ಅಂದ್ರೆ ಏನು, ಪಾಕ್?" ಎಂದು ಸಬ್ತು ಕೇಳಿದ. ಕೊಂಕಿನಿಂದಲ್ಲ, ನಿಜವಾಗಿ ತಿಳಿದುಕೊಳ್ಳುವ ಆಸೆಯಿಂದ. ಬೈಕಿನಲ್ಲಿ ಸದ್ದು ಎಲ್ಲಿಂದ ಬರುತ್ತಿದೆ ಎಂದು ಬಿಚ್ಚಿ ನೋಡದೆ ಬಿಡುವ ಜಾಯಮಾನ ಅವನದಲ್ಲ.

"ಅದನ್ನೆಲ್ಲ ಹೇಳಕ್ಕಾಗಲ್ಲ. ಇದ್ರೆ ಗೊತ್ತಾಗುತ್ತೆ, ಇಲ್ದಿದ್ರೂ ಗೊತ್ತಾಗುತ್ತೆ. ಮಧ್ಯಾಹ್ನ ಹೆಣ್ಣು ಗಂಡು ಪೀಠದ ಮೇಲೆ ಕೂತಾಗ ಆ ವಿರಹದ ಹಾಡು ಇದೆಯಲ್ಲ, ಅದರ ಮಧ್ಯೆ ಗಿಟಾರೊಂದೇ ನುಡಿಯೋ ಸೋಲೋ ನಿಂದು. ಒಬ್ಬ ಹೆಂಗಸಾದ್ರೂ ಕಣ್ಣೊರೆಸ್ಕೋಬೇಕು. ಇಲ್ಲಾಂದ್ರೆ ಇನ್ಮೇಲೆ ಸೋಲೋ ಎಲ್ಲ ಹೈರಿದು. ನೀನು ಹಿಂದೆ ನಿಂತ್ಕೊಂಡು ಜೊತೆ ಕೊಡು, ಸಾಕು."

ಹೈರಿ ಯಜಮಾನನ ಅಕ್ಕನ ಮಗ. ಅವನಿಗೆ ಬರುತ್ತಿದ್ದುದು ಮೂರೇ ಸ್ವರ. ಆದರೆ ಕಣ್ಣು ಮುಚ್ಚಿ, ಕೂದಲನ್ನು ಮುಖದ ಮೇಲೆ ಇಳಿಬಿಟ್ಟು ಅವನು ಆ ಮೂರನ್ನೇ ನುಡಿಸಿದರೆ ಜನ ಊಟ ಬಿಟ್ಟು ನೋಡುತ್ತಿದ್ದರು. ಸಬ್ತುವಿಗೆ ಹೊಟ್ಟೆ ಉರಿಯಿತು. ಮೀಸೆ ಮೂಡುವ ಮುಂಚಿನಿಂದ ತಂತಿ ಒತ್ತಿ ಬೆರಳು ಜಡ್ಡುಗಟ್ಟಿಸಿಕೊಂಡವನು ತಾನು. ಮುಂದೆ ನಿಂತು ನುಡಿಸುವ ಆ ಒಂದು ಗಳಿಗೆಗಾಗಿಯೇ ವಾರವಿಡೀ ಗ್ರೀಸಿನಲ್ಲಿ ಕೈ ಅದ್ದುತ್ತಿದ್ದವನು.

ಯೋಚಿಸುತ್ತಾ ಚಪ್ಪರದ ಹಿಂದಕ್ಕೆ ಹೋದ. ಅಲ್ಲಿ ಊರಿಗೆ ಊರೇ ಸೇರಿ ಮದುವೆಯಡುಗೆ ನಡೆಸಿತ್ತು. ಈರುಳ್ಳಿ ರಾಶಿಯ ಮುಂದೆ, ಎಲ್ಲರಿಗೂ ಅಮ್ಮನಂತಿದ್ದ ಮಾಕ್ ಸೆನಾ ಕಾಲು ಚಾಚಿ ಕೂತಿದ್ದಳು. ಊರಿನ ಯಾವ ಮನೆಯ ಗುಟ್ಟೂ ಆಕೆಯ ಕತ್ತಿಯ ಕೆಳಗೆ ಬಾರದೆ ಹೋಗುತ್ತಿರಲಿಲ್ಲ.

"ಮಾಕ್ ಸೆನಾ, ಈ ಫೀಲ್ ಅನ್ನೋದು ಎಲ್ಲಿಂದ ಬರುತ್ತೆ?"

"ದುಃಖದಿಂದ. ಇನ್ನೆಲ್ಲಿಂದ? ನಿಂಗೇನು ದುಃಖ ಇದೆ ಹೇಳು."

ಸಬ್ತು ತುಂಬಾ ಹೊತ್ತು ಹುಡುಕಿದ. "ಹೋದ ತಿಂಗಳು ಒಂದು ಸ್ಪ್ಯಾನರ್ ಕಳೆದುಹೋಯ್ತು."

"ಥೂ ನಿನ್ನ! ಪ್ರೀತಿ ಮಾಡಿ ಕೈಕೊಟ್ಟವಳು ಯಾರಾದ್ರೂ?"

"ಇಲ್ವಲ್ಲ. ನೊರಿಪಾನ ನೋಡ್ದೆ, ಕೇಳ್ದೆ, ಹ್ಞೂಂ ಅಂದ್ಲು, ಮದುವೆ ಆಯ್ತು."

"ಬೈತಾಳಾ?"

"ಮೀನು ಸಾರು ಚೆನ್ನಾಗಿ ಮಾಡ್ತಾಳೆ."

ಸುತ್ತ ಕೂತಿದ್ದ ಹೆಂಗಸರೆಲ್ಲ 'ಅಯ್ಯೋ ಪಾಪ' ಎಂದರು. ಇಷ್ಟು ಸುಖವಾಗಿರುವ ಗಂಡಸನ್ನು ಅವರು ನೋಡಿರಲಿಲ್ಲ. ಎಲ್ಲರಿಗೂ ಕರುಳು ಚುರುಕ್ಕೆಂದಿತು. ಒಬ್ಬಾಕೆ ಅವನಿಗೆ ದುಃಖ ಬರಲೆಂದು ತನ್ನ ಸತ್ತ ಬೆಕ್ಕಿನ ಕತೆ ಹೇಳಿದಳು. ಸಬ್ತು ಪೂರ್ತಿ ಕೇಳಿ, ಬೆಕ್ಕಿಗೆ ಏನು ಕಾಯಿಲೆಯಿತ್ತು, ಯಾವ ಔಷಧ ಕೊಟ್ಟಿರಿ ಎಂದು ವಿಚಾರಿಸಿದ.

"ಇದು ಹೀಗೆಲ್ಲ ಆಗೋದಲ್ಲ," ಎಂದು ಮಾಕ್ ಸೆನಾ ಅವನ ಕೈಗೆ ಕತ್ತಿ ಕೊಟ್ಟಳು. "ಈರುಳ್ಳಿ ಹೆಚ್ಚು. ಮೊದಲು ಕಣ್ಣೀರು ಬರಲಿ, ದುಃಖ ಅದರ ಹಿಂದೇನೇ ಬರುತ್ತೆ."

ಸಬ್ತು ಹೆಚ್ಚಿದ. ಕಣ್ಣೀರು ಕೋಡಿ ಹರಿಯಿತು. ದುಃಖ ಬಂದಿತೇ ಎಂದು ಒಳಗೆಲ್ಲ ತಡವಿ ನೋಡಿಕೊಂಡ. ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ, "ಲೋ, ಆ ರೆಂದಾಂಗ್ ಮಾಂಸ ತಳ ಹಿಡೀತಿದೆ, ಮುಚ್ಚಳ ತೆಗೆಯೋ!" ಎಂದು ಮಾಕ್ ಸೆನಾ ಕೂಗಿದಳು. ಸಬ್ತು ಬಲಗೈಯಲ್ಲಿ ಕಣ್ಣೊರೆಸಿಕೊಳ್ಳುತ್ತಾ, ಕುರುಡನ ಹಾಗೆ ಎಡಗೈ ಚಾಚಿ, ಬೆಂಕಿಯ ಮೇಲಿದ್ದ ಕಬ್ಬಿಣದ ಮುಚ್ಚಳವನ್ನು ಬರಿಗೈಯಲ್ಲಿ ಹಿಡಿದ.

ಅವನ ಕೂಗಿಗೆ ಹಿತ್ತಲಿನ ಕೋಳಿಗಳು ಚೆದುರಿ ಓಡಿದವು.

"ಟೂತ್‌ಪೇಸ್ಟ್ ಹಚ್ಚಿ!" ಎಂದಳು ಒಬ್ಬಳು. "ಅದೆಲ್ಲ ಬೇಡ, ಸೋಯಾ ಸಾಸ್!" ಎಂದಳು ಇನ್ನೊಬ್ಬಳು. ವಾದ ಜೋರಾಗಿ, ಕೊನೆಗೆ ರಾಜಿಯಾಗಿ ಎರಡನ್ನೂ ಹಚ್ಚಿದರು. ಆ ಹೊತ್ತಿಗೆ ಸರಿಯಾಗಿ ಹೊರಗೆ ಗಂಡಿನ ಕಡೆಯವರ ತಮಟೆ ಕೇಳಿಸಿತು.

ಸಬ್ತು ಎಡಗೈ ಮರೆಮಾಡಿಕೊಂಡು ವೇದಿಕೆ ಹತ್ತಿದ. ಬೆರಳು ಸುಟ್ಟಿದೆ ಎಂದರೆ ಸೋಲೋ ಕೈತಪ್ಪುತ್ತಿತ್ತು; ಹೈರಿ ಆಗಲೇ ಗಿಟಾರು ಹಿಡಿದು ಸಿದ್ಧನಿದ್ದ. ಹೆಣ್ಣು ಗಂಡು ಪೀಠದಲ್ಲಿ ಕೂತರು. ಹಾಡು ಶುರುವಾಯಿತು. ಪಾಕ್ ಮಿಸ್ರಾನ್ ತಲೆಯಾಡಿಸಿ ಸೋಲೋಗೆ ಸನ್ನೆ ಮಾಡಿದ.

ಸಬ್ತು ಮಿಂಚಿನ ಓಟಕ್ಕೆ ಕೈ ಎತ್ತಿದ. ಮೂರು ಬೆರಳು ತಂತಿ ಮುಟ್ಟಿದೊಡನೆ ಜೀವ ಹೋದಂತಾಗಿ ಹಿಂದೆಗೆದ. ಉಳಿದದ್ದು ತೋರುಬೆರಳೊಂದು. ಅದನ್ನೇ ಒತ್ತಿದ. ಟೂತ್‌ಪೇಸ್ಟಿಗೆ ಬೆರಳು ಸರ್ರನೆ ಜಾರಿ ಸ್ವರವನ್ನು ದಾಟಿ ಮೇಲೆ ಹೋಯಿತು. ಹೆದರಿ ಎಳೆದುಕೊಂಡರೆ ನಡುಗುತ್ತಾ ಕೆಳಗೆ ಬಂತು. ಮುಂದಿನ ಸ್ವರ ಒತ್ತಲು ಧೈರ್ಯ ಸಾಲದೆ ಸುಮ್ಮನೆ ನಿಂತ. ಈರುಳ್ಳಿಯ ನೀರು ಕಣ್ಣಿನಿಂದ ಇನ್ನೂ ಇಳಿಯುತ್ತಲೇ ಇತ್ತು.

ಆ ಮೌನದಲ್ಲಿ ಸ್ವರ ಮೆಲ್ಲಗೆ ಕರಗುವುದು ಅವನಿಗೇ ಕೇಳಿಸಿತು. ಇಷ್ಟು ವರ್ಷ ಈ ಸ್ವರವನ್ನು ತುಳಿದುಕೊಂಡು ಓಡಿಹೋಗುತ್ತಿದ್ದೆನಲ್ಲ, ಇದರೊಳಗೆ ಇಷ್ಟೆಲ್ಲ ಇತ್ತೇ ಎಂದು ಅವನಿಗೆ ಬೆರಗಾಯಿತು. ನೋವು ಮರೆತು, ಇನ್ನೇನಿದೆ ನೋಡೋಣ ಎಂದು ಮತ್ತೊಂದನ್ನು ಒತ್ತಿದ.

ಚಪ್ಪರದಲ್ಲಿ ತಟ್ಟೆಗಳ ಸದ್ದು ನಿಂತಿತು. ಹೆಣ್ಣಿನ ತಾಯಿ ಸೆರಗಿನ ತುದಿ ಕಣ್ಣಿಗೊತ್ತಿಕೊಂಡಳು. ಹೆಣ್ಣು ಬಿಕ್ಕಿದಳು. ಪಾತ್ರೆ ತೊಳೆಯುತ್ತಿದ್ದವರು ಸೋಪಿನ ಕೈಯಲ್ಲೇ ಎದ್ದು ಬಂದು ಅತ್ತರು.

ಹಾಡು ಮುಗಿದಾಗ ಪಾಕ್ ಮಿಸ್ರಾನ್ ಓಡಿ ಬಂದು ತಬ್ಬಿಕೊಂಡ. "ಇದು ಕಣೋ ಫೀಲು! ಇನ್ಮೇಲೆ ಎಲ್ಲ ಸೋಲೋನೂ ನಿಂದೇ!"

ಸಬ್ತು ವೇದಿಕೆಯಿಂದ ಇಳಿಯುವಷ್ಟರಲ್ಲಿ ಎದುರಿಗೆ ನೊರಿಪಾ ನಿಂತಿದ್ದಳು. ಅನ್ನ ಬಡಿಸುತ್ತಿದ್ದ ಸೌಟು ಕೈಯಲ್ಲೇ ಇತ್ತು.

"ಯಾರವಳು?"

"ಯಾರು?"

"ರೀ ಬಾಂಗ್, ನಮ್ಮ ಮದುವೆ ಆದಾಗಿಂದ ನನ್ನೆದುರು ಹೊಲಿಗೆ ಮಷೀನ್ ಥರ ಟಕಟಕ ಅಂತ ನುಡಿಸಿದೀರ. ಇವತ್ತು ಯಾರನ್ನ ನೆನೆಸ್ಕೊಂಡು ಹಾಗೆ ಅತ್ತಿದ್ದು?"

"ಬೆಳಿಗ್ಗೇನೇ ನಾನು ಕೇಳ್ದೆ ಕಣಮ್ಮ," ಎಂದಳು ಹಿಂದೆಯೇ ಬಂದ ಮಾಕ್ ಸೆನಾ. "ಯಾರೂ ಇಲ್ಲ ಅಂದ. ಅಷ್ಟು ಆಳದಲ್ಲಿ ಬಚ್ಚಿಟ್ಕೊಂಡಿದಾನೆ, ಪಾಪ."

ಅತ್ತ ದರಿ, ಇತ್ತ ಪುಲಿ. ಪಕ್ಕದಲ್ಲಿ ಯಜಮಾನ ಇನ್ನೂ ಹೆಗಲ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದ. ಸಬ್ತು ಹೆಂಡತಿಯ ಮುಖ ನೋಡಿದ. ಅವಳ ಕೆಳತುಟಿ ನಡುಗುತ್ತಿತ್ತು. ಸೋಲೋ ಹಾಳಾಗಿ ಹೋಗಲಿ ಎಂದುಕೊಂಡು ಎಡಗೈ ಚಾಚಿದ.

"ನೋಡೇ! ಬೆರಳು ಸುಟ್ಟಿತ್ತು, ಒತ್ತಕ್ಕಾಗ್ಲಿಲ್ಲ. ಟೂತ್‌ಪೇಸ್ಟಿಗೆ ಜಾರ್ತು. ಕಣ್ಣೀರು ಈರುಳ್ಳಿದು. ಅಲ್ಲಾಹನಾಣೆ, ಫೀಲೂ ಇಲ್ಲ ಗೀಲೂ ಇಲ್ಲ!"

ಪಾಕ್ ಮಿಸ್ರಾನ್ ಆ ಕೈಯನ್ನು ಹಿಡಿದು ಮೂಸಿದ. ಪುದೀನದ ವಾಸನೆ. ಅವನ ಮುಖ ಇಳಿಯಿತು.

"ಅಂದ್ರೆ, ಜಾರಿದ್ದಾ?"

"ಜಾರಿದ್ದು, ಪಾಕ್."

"ಹೈರಿ!" ಎಂದು ಯಜಮಾನ ವೇದಿಕೆಯ ಕಡೆ ತಿರುಗಿ ಕೂಗಿದ. "ಮುಂದಿನ ಹಾಡಿಗೆ ನೀನು ಮುಂದೆ ಬಾರೋ."

ಹೋದರೆ ಹೋಗಲಿ, ಸಂಸಾರ ಉಳಿಯಿತಲ್ಲ ಎಂದು ಸಬ್ತು ನಿಟ್ಟುಸಿರು ಬಿಟ್ಟು ನೊರಿಪಾಳತ್ತ ನೋಡಿದ. ಅವಳೂ ಕೈ ಮೂಸಿದಳು. ಮೂಸಿ, ಸೌಟನ್ನು ಮಾಕ್ ಸೆನಾಳ ಕೈಗೆ ಕೊಟ್ಟಳು.

"ನಮ್ಮನೇಲೂ ಟೂತ್‌ಪೇಸ್ಟ್ ಇದೆ, ಈರುಳ್ಳಿ ಇದೆ. ಒಂದಿನಾನಾದ್ರೂ ಹೀಗೆ ನುಡಿಸಿದ್ರಾ?" ಎಂದಳು. ಚಪ್ಪರದಾಚೆ ನಿಲ್ಲಿಸಿದ್ದ ಅವನ ಬೈಕನ್ನೇ ಹತ್ತಿ, ತವರಿನ ದಾರಿ ಹಿಡಿದು ಹೊರಟುಹೋದಳು.